ಪೈಲಟ್ ಪಿಂಚಣಿ: ದುಡ್ಡು ಯಾರ ಹೆಸರಿನಲ್ಲಿದೆ?

ನನ್ನ ತಂಗಿಯ ಮಗ ಖಾಸಗಿ ವಿಮಾನ ಕಂಪನಿಯೊಂದರಲ್ಲಿ ಪೈಲಟ್. ನಾಯಕನಹಟ್ಟಿ ಜಾತ್ರೆಗೆಂದು ಊರಿಗೆ ಬಂದವನು ಮೊಬೈಲಿನಲ್ಲಿ ತನ್ನ ಪಿ.ಎಫ್. ಪಾಸ್‌ಬುಕ್ ತೆರೆದು ನನ್ನ ಕೈಗೆ ಕೊಟ್ಟ. ನೌಕರನ ಪಾಲು, ಕಂಪನಿಯ ಪಾಲು, ಪಿಂಚಣಿ ವಂತಿಗೆ ಎಂದು ಮೂರು ಕಾಲಂ. ಮೊದಲೆರಡರಲ್ಲಿ ತಿಂಗಳು ತಿಂಗಳೂ ಹಣ ಬಿದ್ದಿದೆ. ಮೂರನೆಯದರಲ್ಲಿ ಮೇಲಿಂದ ಕೆಳಗಿನವರೆಗೂ ಸೊನ್ನೆ. ‘ಇದೇನು ಮಾಮ, ಕಂಪನಿಯವರು ಪಿಂಚಣಿ ದುಡ್ಡು ಕಟ್ಟೇ ಇಲ್ವಲ್ಲ?’ ಎಂದ. ಪಕ್ಕದಲ್ಲಿದ್ದ ತಂಗಿಯ ಮುಖ ಸಣ್ಣಗಾಯಿತು. ಅವನ ತರಬೇತಿಯ ಸಾಲಕ್ಕೆ ಶೇಂಗಾ ಬೆಳೆಯುವ ಹೊಲವನ್ನು ಅಡ ಇಟ್ಟವಳು ಅವಳು.

ಕಂಪನಿ ತಪ್ಪು ಮಾಡಿಲ್ಲ, ಕಾನೂನೇ ಹಾಗಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿ.ಎಫ್.ಗೆ ಸೇರುವಾಗ ಮೂಲ ವೇತನ 15,000 ರೂಪಾಯಿ ದಾಟಿದ್ದರೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಜಾಗವಿಲ್ಲ. ಕಂಪನಿಯ ಪಾಲು ಪೂರ್ತಿ ಪಿ.ಎಫ್. ಖಾತೆಗೇ ಹೋಗುತ್ತದೆ. ಹಾಗಂತ ಅವನು ದೊಡ್ಡದೇನನ್ನೋ ಕಳೆದುಕೊಂಡಿಲ್ಲ. ಆ ಯೋಜನೆಯ ಲೆಕ್ಕ ಸರಳ: 15,000ವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 35 ವರ್ಷ ಲೆಕ್ಕಕ್ಕೆ ಬಂದರೂ ತಿಂಗಳಿಗೆ 7,500 ರೂಪಾಯಿ. ಲಕ್ಷಗಟ್ಟಲೆ ಸಂಬಳದ ಕ್ಯಾಪ್ಟನ್‌ಗೂ ಅಷ್ಟೇ. ಪೂರ್ತಿ ಸಂಬಳದ ಮೇಲೆ ಪಿಂಚಣಿ ಕೇಳುವ ಅವಕಾಶವನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಹಳೆಯ ಸದಸ್ಯರಿಗೆ ಕೊಟ್ಟಿತು, ಇವನಂಥ ಹೊಸಬರಿಗೆ ಅದು ಅನ್ವಯಿಸದು.

ನಾನು ಗ್ರಾಮೀಣ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವ. ನಮಗೆ ಪಿಂಚಣಿ ಬಂದದ್ದು 2018ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಕೇಂದ್ರದ ಮೇಲ್ಮನವಿಯನ್ನು ತಳ್ಳಿಹಾಕಿದ ಮೇಲೆ. ಪಿ.ಎಫ್.ನಲ್ಲಿ ಬಂದಿದ್ದ ಬ್ಯಾಂಕಿನ ಪಾಲನ್ನು ವಾಪಸ್ ಕಟ್ಟಿ ಸೇರಿಕೊಂಡೆವು. ಜೊತೆಯಲ್ಲಿ ಕೆಲಸ ಮಾಡಿದ ಕೆಲವರು ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ತಡವಾದರೂ ಬಂತು, ಏಕೆಂದರೆ ನಮ್ಮ ಬ್ಯಾಂಕಿನ ಬೆನ್ನ ಹಿಂದೆ ಸರ್ಕಾರವಿತ್ತು. ವಿಮಾನ ಕಂಪನಿಯ ಬೆನ್ನ ಹಿಂದೆ ಯಾರಿದ್ದಾರೆ? ತಂಗಿಗೆ ನಾನು ಹೇಳಿದ್ದೂ ಇದನ್ನೇ: ಕಂಪನಿ ಏನು ಕೊಡುತ್ತೇನೆ ಅಂತ ಹೇಳಿದೆ ಅನ್ನೋದಕ್ಕಿಂತ, ದುಡ್ಡು ಇವತ್ತು ಎಲ್ಲಿದೆ, ಯಾರ ಹೆಸರಿನಲ್ಲಿದೆ ಅಂತ ನೋಡಬೇಕು.

ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್ ಕಥೆ ಎಲ್ಲರಿಗೂ ಗೊತ್ತು. 2005ರಲ್ಲಿ ಹಾರಾಟ ಶುರು, 2012ರ ಅಕ್ಟೋಬರ್‌ನಲ್ಲಿ ಬಂದ್. ಪೈಲಟ್‌ಗಳೂ ಎಂಜಿನಿಯರ್‌ಗಳೂ ತಿಂಗಳುಗಟ್ಟಲೆ ಸಂಬಳವಿಲ್ಲದೆ ಹೊರಬಿದ್ದರು. ಅವರ ಸಂಬಳದಿಂದ ಹಿಡಿದಿದ್ದ ಆದಾಯ ತೆರಿಗೆಯೇ ಸರ್ಕಾರಕ್ಕೆ ಸರಿಯಾಗಿ ಸೇರಿರಲಿಲ್ಲ. ಕಂಪನಿಯನ್ನು ಮುಚ್ಚಲು ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ನೌಕರರ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿ ಬಿಡುಗಡೆಯಾದದ್ದು 2025ರ ಡಿಸೆಂಬರ್‌ನಲ್ಲಿ. ವಿಮಾನ ನಿಂತಾಗ ಐವತ್ತರ ಹತ್ತಿರವಿದ್ದ ಪೈಲಟ್ ಅಷ್ಟೊತ್ತಿಗೆ ನಿವೃತ್ತಿಯ ಅಂಚಿಗೆ ಬಂದಿರುತ್ತಾನೆ. ಆ ಹದಿಮೂರು ವರ್ಷ ಮಕ್ಕಳ ಫೀಸು, ಮನೆ ಸಾಲದ ಕಂತು ಯಾವುದೂ ನಿಂತಿರುವುದಿಲ್ಲ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ದಿವಾಳಿ ಕಾನೂನಿನ 36ನೇ ಸೆಕ್ಷನ್ ಪ್ರಕಾರ ಪಿ.ಎಫ್., ಪಿಂಚಣಿ ಮತ್ತು ಗ್ರಾಚ್ಯುಟಿ ನಿಧಿಯ ಹಣಕ್ಕೆ ಸಾಲ ಕೊಟ್ಟ ಬ್ಯಾಂಕುಗಳು ಕೈ ಹಾಕುವಂತಿಲ್ಲ. ಇದು ದೊಡ್ಡ ರಕ್ಷಣೆಯೇ. 2022ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಜೆಟ್ ನೌಕರರ ಪಿ.ಎಫ್., ಗ್ರಾಚ್ಯುಟಿ ಬಾಕಿ ಕೊಡಲೇಬೇಕೆಂದಿತು. ಮುಂದಿನ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಕಂಪನಿಯನ್ನು ಕೊಂಡವರು ಯೋಜನೆಯಂತೆ ಹಣ ಹಾಕಲಿಲ್ಲ. 2024ರ ನವೆಂಬರ್ 7ರಂದು ಅದೇ ಕೋರ್ಟ್ ಕಂಪನಿಯ ಆಸ್ತಿ ಮಾರಿ ಲೆಕ್ಕ ಮುಗಿಸಲು ಹೇಳಿತು. ತೀರ್ಪು ನೌಕರರ ಕಡೆಗಿದ್ದರೂ ಪೆಟ್ಟಿಗೆಯಲ್ಲಿ ದುಡ್ಡು ಇರಬೇಕಲ್ಲ.

ಏರ್ ಇಂಡಿಯಾ ಸರ್ಕಾರದ್ದಾಗಿದ್ದಾಗಲೂ ಅಲ್ಲಿ ಸರ್ಕಾರಿ ನೌಕರರಂಥ ಪಿಂಚಣಿ ಇರಲಿಲ್ಲ. ನೌಕರರ ಸ್ವಂತ ವಂತಿಗೆಯಿಂದಲೇ ನಡೆಯುವ ಪಿಂಚಣಿ ಟ್ರಸ್ಟ್ ಇತ್ತು. ನಿಧಿ ಸಾಲದೆ ಟ್ರಸ್ಟ್ ನಿಯಮ ಬದಲಿಸಿದಾಗ ನಿವೃತ್ತರು ಕೋರ್ಟಿಗೆ ಹೋದರು. 2005ರಲ್ಲಿ ಸುಪ್ರೀಂ ಕೋರ್ಟ್ ಟ್ರಸ್ಟಿನ ಪರ ನಿಂತಿತು. ಹಟ್ಟಿಯ ತಿಪ್ಪೇರುದ್ರಸ್ವಾಮಿ ಮಠದ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಪಿಂಚಣಿ ನಿಧಿಗೂ ಸಲ್ಲುತ್ತದೆ. ಟಾಟಾ ಕೈಗೆ ಹೋಗುವ ಮುನ್ನ, 2021ರ ಡಿಸೆಂಬರ್‌ನಿಂದ, ಏರ್ ಇಂಡಿಯಾದ ಪಿ.ಎಫ್. ಕೇಂದ್ರದ ಭವಿಷ್ಯ ನಿಧಿ ಸಂಘಟನೆಗೆ ಬಂತು. ಕಂಪನಿಯ ಪಾಲು ನೂರಕ್ಕೆ 10 ಇದ್ದದ್ದು 12 ಆಯಿತು. ಖಾಸಗಿಯವರ ಕೈಗೆ ಹೋದರೆ ಎಲ್ಲವೂ ಹಾಳು ಎನ್ನುವವರು ಇದನ್ನೂ ಗಮನಿಸಬೇಕು.

ಅಮೆರಿಕದಲ್ಲಿ ನಿಜವಾದ ಕಂಪನಿ ಪಿಂಚಣಿ ಇತ್ತು, ಅದಕ್ಕೆ ಸರ್ಕಾರಿ ಖಾತರಿ ನಿಗಮವೂ ಇತ್ತು. ಯುನೈಟೆಡ್ ಏರ್‌ಲೈನ್ಸ್ 2005ರಲ್ಲಿ ದಿವಾಳಿ ಪ್ರಕ್ರಿಯೆಯ ನಡುವೆ ಪಿಂಚಣಿಯ ಹೊಣೆಯನ್ನು ಆ ನಿಗಮದ ತಲೆಗೆ ದಾಟಿಸಿತು. ನಿಗಮ ಕೊಡುವುದಕ್ಕೆ ಮಿತಿಯಿದೆ. ಆ ವರ್ಷ 65ಕ್ಕೆ ಪಿಂಚಣಿ ಪಡೆಯುವವರಿಗೆ ವರ್ಷಕ್ಕೆ ಸುಮಾರು 45,600 ಡಾಲರ್, 60ಕ್ಕೇ ಪಡೆದರೆ ಸುಮಾರು 29,600. ಪೈಲಟ್‌ಗಳು ಆಗಿನ ಕಾನೂನಿನಂತೆ 60ಕ್ಕೆ ಕಾಕ್‌ಪಿಟ್ ಬಿಡಲೇಬೇಕಿತ್ತು! ವಯಸ್ಸಿನ ನಿಯಮವನ್ನು 65ಕ್ಕೆ ಏರಿಸಿದ್ದು 2007ರ ಕೊನೆಗೆ. ಜೀವಮಾನವಿಡೀ ದುಡಿದವರ ಮೇಲೆ ಎರಡು ನಿಯಮಗಳು ಸೇರಿ ಮಾಡಿದ ಅನ್ಯಾಯ ಇದು ಎಂದೇ ನನಗೆ ಅನಿಸುತ್ತದೆ.

ಇನ್ನು ತಂಗಿಯ ಮಗನ ಲೆಕ್ಕಕ್ಕೆ ಬರೋಣ. ಕಂಪನಿ ಪಿ.ಎಫ್. ಕಟ್ಟುತ್ತಿರುವುದು ಪೂರ್ತಿ ಮೂಲ ವೇತನದ ಮೇಲೋ, 15,000ದ ಮಿತಿಯ ಮೇಲೋ? ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ಮಿತಿಯ ಮೇಲಾದರೆ ತಿಂಗಳಿಗೆ 1,800 ಮಾತ್ರ. ಮೂಲ ವೇತನ ಒಂದು ಲಕ್ಷ ಎಂದಿಟ್ಟುಕೊಂಡರೆ ಪೂರ್ತಿ ಲೆಕ್ಕದಲ್ಲಿ 12,000, ಕಂಪನಿಯದೂ ಅಷ್ಟೇ. 2024-25ರ ಬಡ್ಡಿ ನೂರಕ್ಕೆ 8.25, ಅದೇ 30 ವರ್ಷ ನಿಂತರೆ ಪೂರ್ತಿ ಲೆಕ್ಕದಲ್ಲಿ ಸುಮಾರು ಮೂರೂವರೆ ಕೋಟಿ ಆಗುತ್ತದೆ, ಮಿತಿಯ ಲೆಕ್ಕದಲ್ಲಿ ಸುಮಾರು 53 ಲಕ್ಷ. ನೌಕರಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಎಚ್‌ಆರ್‌ನವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಪುಣ್ಯಕ್ಕೆ ಇವನದು ಪೂರ್ತಿ ವೇತನದ ಮೇಲೇ ಕಟ್ಟಾಗುತ್ತಿದೆ.

ಹಾಗಂತ ಕಟ್ಟಾದದ್ದೆಲ್ಲ ಜಮಾ ಆಗಿದೆ ಎಂದು ನಂಬಿ ಕೂರಬಾರದು. ಸಂಬಳದ ಚೀಟಿಯಲ್ಲಿ ಕಡಿತ ಕಾಣುವುದು ಬೇರೆ, ಪಾಸ್‌ಬುಕ್ಕಿನಲ್ಲಿ ಜಮಾ ಕಾಣುವುದು ಬೇರೆ. ತಿಂಗಳಿಗೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡು ತಿಂಗಳು ಜಮಾ ತಪ್ಪಿದರೆ ಕಂಪನಿಯ ಆರೋಗ್ಯ ಕೆಟ್ಟಿದೆ ಎಂದು ತಿಳಿದು ಬೇರೆ ಕೆಲಸ ಹುಡುಕಲು ಶುರುಮಾಡಬೇಕು.

ಗ್ರಾಚ್ಯುಟಿಗೆ ಕಾನೂನಿನ ಮಿತಿ 20 ಲಕ್ಷ. ಕಂಪನಿ ಅದಕ್ಕೆಂದು ಎಲ್.ಐ.ಸಿ.ಯಲ್ಲೋ ಟ್ರಸ್ಟಿನಲ್ಲೋ ಹಣ ಎತ್ತಿಟ್ಟಿದೆಯೇ ಎಂದು ವಿಚಾರಿಸಬೇಕು. ಎತ್ತಿಟ್ಟಿಲ್ಲದಿದ್ದರೆ ನಿವೃತ್ತಿಯ ಲೆಕ್ಕದಲ್ಲಿ ಅದನ್ನು ಸೇರಿಸಲೇಬಾರದು. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದ್ದರೆ ಒಳ್ಳೆಯದು: ಖಾತೆ ನಿಮ್ಮ ಹೆಸರಿನದು, ಕಂಪನಿ ಬದಲಾದರೂ ಜೊತೆಗೇ ಬರುತ್ತದೆ, ಕಂಪನಿ ಮುಳುಗಿದರೂ ಅದು ಉಳಿಯುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಕಂಪನಿ ಹಾಕುವ ಪಾಲಿಗೆ ಮೂಲ ವೇತನದ ನೂರಕ್ಕೆ 14ರವರೆಗೆ ವಿನಾಯಿತಿಯೂ ಉಂಟು. ಕಂಪನಿಯ ಷೇರನ್ನು ಮಾತ್ರ ನಿವೃತ್ತಿಯ ಗಂಟು ಎಂದುಕೊಳ್ಳಬಾರದು. ಸಂಬಳವೂ ಉಳಿತಾಯವೂ ಒಂದೇ ದಿನ ಹೋಗುವುದಕ್ಕೆ ಅದು ದಾರಿ.

ಪೈಲಟ್‌ಗೆ ಇನ್ನೊಂದು ಭಯ ಬೇರೆ. ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹನಾದರೆ ನಲವತ್ತಕ್ಕೇ ದುಡಿಮೆ ನಿಲ್ಲಬಹುದು. ಲೈಸೆನ್ಸ್ ಕಳೆದುಕೊಂಡರೆ ಪರಿಹಾರ ಕೊಡುವ ವಿಮೆ ಇದೆ. ಕಂಪನಿ ಮಾಡಿಸಿದ್ದು ಎಷ್ಟಕ್ಕೆ ಎಂದು ನೋಡಿ, ಸಾಲದಿದ್ದರೆ ಸ್ವಂತಕ್ಕೆ ಮಾಡಿಸಬೇಕು. ಸಂಬಳ ಏರಿದ ವರ್ಷವೇ ಕಾರು ಬದಲಿಸುವ ಮೊದಲು ತರಬೇತಿ ಸಾಲ ತೀರಿಸಿ ಹೊಲದ ಪತ್ರ ಬಿಡಿಸಿಕೊಂಡು ಬಾ ಎಂದು ಅವನಿಗೆ ಗಟ್ಟಿಯಾಗಿಯೇ ಹೇಳಿದ್ದೇನೆ.

ನಾಮಿನಿ ವಿಚಾರವನ್ನೂ ಮರೆಯಬಾರದು. ಇವನಿಗೆ ಇನ್ನೂ ಮದುವೆಯಾಗಿಲ್ಲ; ಪಿ.ಎಫ್.ಗೆ ತಾಯಿಯ ಹೆಸರು ಕೊಟ್ಟಿದ್ದಾನೆ. ಮದುವೆಯಾದ ದಿನವೇ ಆ ನಾಮನಿರ್ದೇಶನ ಪಿ.ಎಫ್. ನಿಯಮದಂತೆ ಬಿದ್ದುಹೋಗುತ್ತದೆ, ಹೊಸದಾಗಿ ಕೊಡಬೇಕು. ಹೆಂಡತಿಯ ಜೊತೆಗೆ ತಾಯಿಗೂ ಪಾಲು ಇಡಬೇಕೆಂದಿದ್ದರೆ ಅವಲಂಬಿತ ತಾಯಿಯೆಂದು ಆಗಲೇ ಬರೆದು, ಆಧಾರ್ ಒಟಿಪಿ ಹಾಕಿ ಆನ್‌ಲೈನ್‌ನಲ್ಲಿ ಇ-ಸೈನ್ ಮಾಡಿದರೆ ಮುಗಿಯಿತು.