ತೂಕ ಇಳಿಸುವ ಇಂಜೆಕ್ಷನ್ ತಗೋತಿದ್ದೀರಾ? ಮುದ್ದೆ ಚಿಕ್ಕದಾಗಲಿ, ಕಾಳು ಹೆಚ್ಚಲಿ

ಟಿರ್ಜೆಪಟೈಡ್ ಎಂಬ ಔಷಧ ಮೌಂಜಾರೊ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು ಮಾರ್ಚ್ 2025ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಸೆಮಾಗ್ಲುಟೈಡ್‌ನ ವೆಗೋವಿ ಬಂತು. ಮಾರ್ಚ್ 2026ಕ್ಕೆ ಸೆಮಾಗ್ಲುಟೈಡ್ ಪೇಟೆಂಟ್ ಮುಗಿದು ನಮ್ಮ ದೇಶದ ಕಂಪನಿಗಳಿಗೂ ದಾರಿ ತೆರೆಯಿತು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಈ ಔಷಧಗಳ ಜೊತೆ ಹೇಗೆ ಉಣ್ಣಬೇಕು, ಹೇಗೆ ಇರಬೇಕು ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲ ಸೂಜಿಗೂ ಮುಂಚೆ

ಫಿಸಿಷಿಯನ್ ಅಥವಾ ಹಾರ್ಮೋನ್ ತಜ್ಞರ ಚೀಟಿ ಇಲ್ಲದೆ ಬೇಡ. ಜಿಮ್‌ನಲ್ಲಿ ಸಿಕ್ಕಿತು, ಪಾರ್ಲರ್‌ನಲ್ಲಿ ಕೊಟ್ಟರು ಎಂದು ಚುಚ್ಚಿಸಿಕೊಳ್ಳುವುದಂತೂ ಬೇಡವೇ ಬೇಡ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿಯ ಊತ ಅಥವಾ ಪಿತ್ತಕೋಶದ ಕಲ್ಲು ಇತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಅದರ ಪ್ರಮಾಣ ತಗ್ಗಿಸಬೇಕಾಗಬಹುದು. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ವಾರದ ದಿನ ಆರಿಸುವುದು

ವಾರಕ್ಕೊಂದು ಸೂಜಿ, ಪ್ರತಿವಾರ ಅದೇ ದಿನ. ಹೊಟ್ಟೆ, ತೊಡೆ ಅಥವಾ ತೋಳಿನ ಮೇಲ್ಭಾಗಕ್ಕೆ, ಜಾಗ ಬದಲಿಸುತ್ತಾ. ವಾಕರಿಕೆ ಹೆಚ್ಚಾಗಿ ಕಾಡುವುದು ಶುರುವಿನ ವಾರಗಳಲ್ಲಿ ಮತ್ತು ಡೋಸ್ ಏರಿಸಿದಾಗ; ಹಲವರಿಗೆ ಸೂಜಿಯ ನಂತರದ ಒಂದೆರಡು ದಿನ ತ್ರಾಸು ಹೆಚ್ಚು. ಭಾನುವಾರ ಬಾಡೂಟ ತಪ್ಪದ ಮನೆಯಾದರೆ ಶನಿವಾರದ ಸೂಜಿ ಒಳ್ಳೆಯ ಆಯ್ಕೆಯಲ್ಲ. ಮಾದಪ್ಪನ ಒಕ್ಕಲಿನವರು ಸೋಮವಾರ ಒಪ್ಪೊತ್ತು ಇರುವುದುಂಟು. ಹಸಿವೇ ಇಲ್ಲದಿದ್ದಾಗ ಉಪವಾಸ ಸಲೀಸು ಅನ್ನಿಸುತ್ತದೆ, ಅಪಾಯವಿರುವುದೂ ಅಲ್ಲೇ: ಸಕ್ಕರೆ ಮಾತ್ರೆ ನುಂಗಿ ಊಟ ಬಿಟ್ಟರೆ ಬೆವರು, ನಡುಕ, ತಲೆಸುತ್ತು. ಅಂಥವರು ವ್ರತದ ದಿನದ ಮಾತ್ರೆ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳಲಿ.

ಬಳಸದ ಪೆನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಲ್ಲ. ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡುವುದೇ ಸರಿ. ಮೈಸೂರಿನಿಂದ ತರುವವರು ಐಸ್ ಪ್ಯಾಕ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ತನ್ನಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಮದುವೆ ಊಟಕ್ಕೆ ಇಳಿಯಬೇಡಿ.

ತಟ್ಟೆಯ ಲೆಕ್ಕ

ಈ ಔಷಧ ಹಸಿವು ತಗ್ಗಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಮೊದಲಿನ ಅರ್ಧ ಊಟಕ್ಕೇ ಸಾಕೆನಿಸುತ್ತದೆ. ಆ ಅರ್ಧವೂ ಬರೀ ಮುದ್ದೆ, ಅನ್ನವೇ ಆದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಇಳಿದ ತೂಕದಲ್ಲಿ ಕಾಲು ಭಾಗ ಅಥವಾ ಇನ್ನೂ ಹೆಚ್ಚು ಕೊಬ್ಬಲ್ಲದ್ದೇ ಆಗಿರಬಹುದು.

ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7 ಗ್ರಾಂ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಸುಮಾರು 22. ನಮ್ಮ ಉಪ್ಸಾರು, ಬಸ್ಸಾರುಗಳಲ್ಲಿ ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಕಾಳು-ಸೊಪ್ಪು ಪಲ್ಯಕ್ಕೆ. ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗಿ, ಹೊಟ್ಟೆ ತುಂಬಿತೆಂದು ಪಲ್ಯವನ್ನು ಪಕ್ಕಕ್ಕೆ ತಳ್ಳಿದರೆ ಸತ್ವವೆಲ್ಲ ತಟ್ಟೆಯಲ್ಲೇ ಉಳಿಯಿತು! ಕ್ರಮ ತಿರುಗಿಸಿ: ಮೊದಲು ಪಲ್ಯ, ಮೊಟ್ಟೆ ಅಥವಾ ಕೋಳಿಯ ತುಂಡು, ಕೊನೆಗೆ ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡ ಮುದ್ದೆ.

ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ ಒಂದು ಗ್ರಾಂ ಪ್ರೋಟೀನ್ ಎಂದಿಟ್ಟುಕೊಂಡರೆ, 70 ಕಿಲೋ ಇರುವವರಿಗೆ ದಿನಕ್ಕೆ 70 ಗ್ರಾಂ. ಹಸಿ ತೂಕದಲ್ಲಿ 100 ಗ್ರಾಂ ಕಾಳು, ಎರಡು ಮೊಟ್ಟೆ, ಹಾಲು-ಮೊಸರು ಸೇರಿ ಅರ್ಧ ಲೀಟರ್, ಒಂದು ಹಿಡಿ ಕಡ್ಲೆಕಾಯಿ ಬೀಜ, ಜೊತೆಗೆ ಸ್ವಲ್ಪ ರಾಗಿ, ಅನ್ನ. ಇಷ್ಟಾದರೆ ಗುರಿಯ ಹತ್ತಿರ ಬಂದಂತೆ. ಒಂದೇ ಹೊತ್ತಿಗೆ ಆಗುವುದಿಲ್ಲ, ನಾಲ್ಕೈದು ಸಲ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದದು. ದುಬಾರಿ ಪ್ರೋಟೀನ್ ಪುಡಿ ಡಬ್ಬಿ ಬಹುಪಾಲು ಜನರಿಗೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಲಬದ್ಧತೆ ಇದರ ಮಾಮೂಲಿ ಕಾಟ. ತೆರಕಣಾಂಬಿಯಂಥ ತರಕಾರಿ ಮಾರುಕಟ್ಟೆ ಪಕ್ಕದಲ್ಲೇ ಇರುವವರಿಗೆ ಹುರುಳಿಕಾಯಿ, ಸೊಪ್ಪು, ಗೆಡ್ಡೆಕೋಸಿಗೆ ಬರವಿಲ್ಲ. ಬಾಯಾರಿಕೆಯೂ ಮರೆತುಹೋಗುವುದರಿಂದ ನೀರು, ತೆಳು ಮಜ್ಜಿಗೆ ಗಂಟೆಗಂಟೆಗೆ ಗುಟುಕರಿಸಿ. ಬೋಂಡ, ಬಜ್ಜಿ, ಎಣ್ಣೆ ತೇಲುವ ಸಾರು ವಾಕರಿಕೆ ಹೆಚ್ಚಿಸುತ್ತವೆ.

ಮೈಗೆ ಕೆಲಸ

ಬರೀ ವಾಕಿಂಗ್ ಸಾಲದು. ವಾರಕ್ಕೆ ಎರಡು ಮೂರು ದಿನ ಭಾರದ ಕೆಲಸವಿರಲಿ: ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು. ಹೊಲದಲ್ಲಿ ದುಡಿಯುವವರಿಗೆ ಈ ಪಾಠ ಬೇಕಿಲ್ಲ. ಅಂಗಡಿ, ಕಚೇರಿಯಲ್ಲಿ ಕೂರುವವರಿಗೆ ಬೇಕು.

ಕಾಯಬಾರದ ಲಕ್ಷಣಗಳು

ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದು ಬೆನ್ನಿಗೆ ಹಾಯ್ದರೆ ಅದನ್ನು ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಬೇಡಿ. ಮೇದೋಜೀರಕದ ಊತವಿರಬಹುದು. ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ದೃಷ್ಟಿ ಮಂಜಾಗುವುದೂ ಅಷ್ಟೇ ತುರ್ತು. ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆಗೋ ಚಾಮರಾಜನಗರದ ಸಿಮ್ಸ್ ಆಸ್ಪತ್ರೆಗೋ ಹೊರಡಿ, 108ಕ್ಕೆ ಕರೆ ಮಾಡಿ. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಈ ಸೂಜಿಯ ವಿಷಯ ತಿಳಿಸಿ. ಖಾಲಿ ಹೊಟ್ಟೆ ಎಂದುಕೊಂಡರೂ ಒಳಗೆ ಆಹಾರ ಉಳಿದಿರಬಹುದು.

ನಿಲ್ಲಿಸುವ ಮಾತು

ಸೆಮಾಗ್ಲುಟೈಡ್ ಪ್ರಯೋಗವೊಂದರಲ್ಲಿ ಔಷಧ ಬಿಟ್ಟ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಭಾಗ ವಾಪಸು ಬಂದಿತ್ತು. ಹಾಗಾಗಿ ಎಷ್ಟು ಕಾಲ, ಎಷ್ಟು ಖರ್ಚು ಎಂಬುದನ್ನು ಶುರುವಿನಲ್ಲೇ ವೈದ್ಯರೊಂದಿಗೆ ಮಾತಾಡಿ. ನಡುವೆ ಕೆಲವು ವಾರ ತಪ್ಪಿಹೋಗಿದ್ದರೆ ಹಳೆಯ ದೊಡ್ಡ ಡೋಸ್‌ನಿಂದಲೇ ಮತ್ತೆ ಶುರು ಮಾಡಬೇಡಿ. ಕೆಳಗಿನ ಡೋಸ್‌ನಿಂದ ಹತ್ತಬೇಕೇ ಎಂದು ಫೋನಿನಲ್ಲಾದರೂ ಕೇಳಿ.