ಮಾತು ತಡೆಯುವ ಮಕ್ಕಳು ಮತ್ತು ಅಲ್ಪಾವಧಿಯ ನೆನಪು

"ಒಳಗೆ ಹೋಗಿ, ಕಪಾಟಿನಲ್ಲಿರುವ ದೊಡ್ಡ ಲೋಟ ತಂದು ಅಜ್ಜಿಗೆ ಕೊಡು" ಎಂದು ತಾಯಿ ಹೇಳುತ್ತಾಳೆ. ಆರು ವರ್ಷದ ಮಗು ಒಳಗೆ ಹೋಗಿ ಸುಮ್ಮನೆ ನಿಂತುಬಿಡುತ್ತದೆ. ಇಂಥ ಮಗುವನ್ನು ಹಟಮಾರಿಯೆಂದೋ ದಡ್ಡನೆಂದೋ ಜರೆಯುವುದು ಸುಲಭ. ಆದರೆ ಕಿವಿ ಚೆನ್ನಾಗಿದ್ದು, ಆಟಪಾಟಗಳಲ್ಲಿ ಚುರುಕಾಗಿದ್ದೂ ಭಾಷೆ ಮಾತ್ರ ವಯಸ್ಸಿಗೆ ತಕ್ಕಂತೆ ಬೆಳೆಯದ ಮಕ್ಕಳುಂಟು. ಇಂಗ್ಲೆಂಡಿನಲ್ಲಿ 2016ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಇವರ ಪ್ರಮಾಣ ನೂರಕ್ಕೆ ಸುಮಾರು 7.

ಕೇಳಿದ ಧ್ವನಿಯನ್ನು ಮನಸ್ಸು ಕೆಲವೇ ಕ್ಷಣ ಹಿಡಿದಿಡಬಲ್ಲದು. ಒಳಗೊಳಗೇ ಮತ್ತೆ ಉಚ್ಚರಿಸದಿದ್ದರೆ ಅದು ಅಳಿಸಿಹೋಗುತ್ತದೆ. ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಈ ವಿಚಾರ ಬೆಳೆಯಿತು. 1990ರಲ್ಲಿ ಬ್ಯಾಡ್ಲಿ ಮತ್ತು ಸೂಸನ್ ಗ್ಯಾದರ್ಕೋಲ್, ಭಾಷಾತೊಂದರೆಯುಳ್ಳ ಸುಮಾರು ಎಂಟು ವರ್ಷದ ಮಕ್ಕಳಿಗೆ ಅರ್ಥವಿಲ್ಲದ ಪದಗಳನ್ನು ಹೇಳಿ, ಹಾಗೆಯೇ ಮರುನುಡಿಯಲು ಕೇಳಿದರು. ಕನ್ನಡದಲ್ಲಾದರೆ "ತಲುಮೊಗಡಿ" ಎಂಬಂಥ ಪದಗಳು. ಆ ಮಕ್ಕಳ ಭಾಷೆ ಆರು ವರ್ಷದವರಷ್ಟಿತ್ತು. ಮರುನುಡಿಯುವ ಶಕ್ತಿ ನಾಲ್ಕು ವರ್ಷದವರಷ್ಟೇ! ಚಿಕ್ಕ ಪದಗಳು ಹೇಗೋ ಬರುತ್ತಿದ್ದವು, ಉದ್ದವಾದಂತೆ ತಪ್ಪಿದವು. ಪರೀಕ್ಷೆಗೊಳಗಾದವರು ಕೆಲವರೇ ಆದರೂ, ಮುಂದಿನ ಹಲವು ಅಧ್ಯಯನಗಳಲ್ಲಿ ಇದೇ ಕಂಡುಬಂದಿತು.

ಇದು ಬರಿಯ ಬಾಯಿಪಾಠದ ಮಾತಲ್ಲ. ಮೊದಲ ಬಾರಿ ಕೇಳುವ ಪ್ರತಿಯೊಂದು ಪದವೂ ಮಗುವಿಗೆ ಅರ್ಥವಿಲ್ಲದ ಪದವೇ. ಅದರ ಧ್ವನಿ ನಿಲ್ಲದಿದ್ದರೆ ಅರ್ಥ ಅಂಟಿಕೊಳ್ಳುವುದು ಯಾವುದಕ್ಕೆ? ಆದರೆ ನೆನಪಿನ ಕೊರತೆಯೇ ಮೂಲವೋ, ಪದಸಂಪತ್ತಿನ ಬಡತನದಿಂದ ನೆನಪೂ ಸೊರಗುತ್ತದೆಯೋ ಎಂಬ ಚರ್ಚೆ ಮುಗಿದಿಲ್ಲ. ಎರಡೂ ಒಂದನ್ನೊಂದು ಎಳೆಯುತ್ತವೆಯೆಂಬುದೇ ಹೆಚ್ಚು ಸಮಂಜಸ.

ಹೊರನಾಡಿನ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷು. ಮಗುವಿನ ಮಾತು ತಡವಾದೊಡನೆ "ಕನ್ನಡ ಬಿಡಿಸಿ" ಎಂಬ ಸಲಹೆ ಬರುತ್ತದೆ. ಇದಕ್ಕೆ ಆಧಾರವಿಲ್ಲ. ಅನೇಕ ಭಾಷೆಗಳು ಈ ತೊಂದರೆಯನ್ನು ತರುವುದಿಲ್ಲ. ಒಂದನ್ನು ಕಿತ್ತುಹಾಕಿದರೆ ವಾಸಿಯಾಗುವುದೂ ಇಲ್ಲ, ಅಜ್ಜಿಯೊಡನೆ ಆಡುವ ಮಾತು ಮಾತ್ರ ನಿಲ್ಲುತ್ತದೆ. ಶಾಲೆಯ ಭಾಷೆಯಲ್ಲಷ್ಟೇ ಮಗು ಹಿಂದಿದ್ದರೆ ಅದು ಬಹುಮಟ್ಟಿಗೆ ಹೊಸತನದ ತೊಡಕು. ಕನ್ನಡದಲ್ಲಿಯೂ ತಡವರಿಸಿದರೆ ತಜ್ಞರಿಗೆ ತೋರಿಸಬೇಕು. ಮನೆಮಾತು ಯಾವುದೆಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ವಸ್ತುವನ್ನು ತೋರಿಸಿ ಹೆಸರಿಸುವುದು, ಹೊಸ ಪದವನ್ನು ಅಡುಗೆಮನೆಯಲ್ಲೂ ಅಂಗಡಿಯಲ್ಲೂ ಮತ್ತೆಮತ್ತೆ ಬಳಸುವುದು ಉಪಯುಕ್ತ. ಅಂಕಿಗಳ ಸಾಲನ್ನು ಉರುಹೊಡೆಸಿದರೆ ಅಂಕಿ ಬರುತ್ತದೆಯೇ ಹೊರತು ಭಾಷೆ ಬರುವುದಿಲ್ಲ. ಎಲ್ಲಕ್ಕೂ ಮೊದಲು ಶ್ರವಣಪರೀಕ್ಷೆ ಅಗತ್ಯ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ. ಸಿಕಂದರಾಬಾದಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ರಜೆಯಲ್ಲಿ ಊರಿಗೆ ಹೋಗುವವರು 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ಪರೀಕ್ಷೆ ಮಾಡಿಸಬಹುದು.