ಒಪ್ಪಿ ಬೇರೆಯಾಗುವಾಗ ಯಾವ ರಾಜ್ಯದ ಕೋರ್ಟು?

ವಿಚ್ಛೇದನದ ವಿಷಯದಲ್ಲಿ ಅಮೆರಿಕಕ್ಕೆಲ್ಲ ಒಂದೇ ಕಾನೂನಿಲ್ಲ, ರಾಜ್ಯಕ್ಕೊಂದು ಕಾನೂನು. ನಾನೂ ನನ್ನ ಗಂಡನೂ ಜಗಳವಿಲ್ಲದೆ ಬೇರೆಯಾಗೋಣ ಎಂದು ತೀರ್ಮಾನಿಸಿದಾಗ ನಾನು ಮಗಳೊಂದಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆ. ಅವರು ಕೆಲಸಕ್ಕೆಂದು ಸಿಯಾಟಲ್‌ಗೆ ಹೋಗಿ ವರ್ಷ ದಾಟಿತ್ತು. ಮದುವೆಯಾಗಿದ್ದು ಮೈಸೂರಿನಲ್ಲಿ. "ನೋಂದಣಿ ಆಗಿರೋದು ಇಲ್ಲಿ, ಕೇಸೂ ಇಲ್ಲೇ ಹಾಕ್ಬೇಕಲ್ವೇನಮ್ಮ?" ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಮೈಸೂರಿನಲ್ಲೂ ಹಾಕಬಹುದಿತ್ತು, ನಿಜ. ಆದರೆ ಬದುಕು, ಕೆಲಸ, ಮಗಳ ಶಾಲೆ ಎಲ್ಲ ಇಲ್ಲಿತ್ತು. ಇಲ್ಲಿನ ಕೋರ್ಟು ಮದುವೆ ಎಲ್ಲಾಯಿತು ಎಂದು ನೋಡುವುದಿಲ್ಲ. ಇಬ್ಬರಲ್ಲಿ ಒಬ್ಬರು ಈ ರಾಜ್ಯದಲ್ಲಿ ವಾಸವಿದ್ದಾರೆಯೇ ಎಂದು ನೋಡುತ್ತದೆ.

ಸ್ನೇಹಿತರು ಹೇಳಿದ್ದೆಲ್ಲ ಬೇಗ ಮುಗಿಸುವ ದಾರಿಗಳನ್ನೇ. ನೆವಾಡಾ ರಾಜ್ಯ 1931ರಲ್ಲೇ ವಾಸದ ಅವಧಿಯನ್ನು ಆರು ವಾರಕ್ಕೆ ಇಳಿಸಿ, ರೆನೋ ಊರನ್ನು ವಿಚ್ಛೇದನಕ್ಕೇ ಹೆಸರುವಾಸಿ ಮಾಡಿತು. ಅಲ್ಲಿಗೆ ಹೋಗಿ ನೆಲೆಸುವ ಮನಸ್ಸು ನಮಗಿಬ್ಬರಿಗೂ ಇರಲಿಲ್ಲ. ನೆಲೆಸಿದ್ದೇವೆಂದು ಸುಳ್ಳು ಪ್ರಮಾಣ ಮಾಡುವ ಮಾತೇ ಇಲ್ಲ. ಉಳಿದದ್ದು ಎರಡು ರಾಜ್ಯ. ಸಿಯಾಟಲ್ ಇರುವ ವಾಷಿಂಗ್ಟನ್‌ನಲ್ಲಿ ಇಷ್ಟೇ ತಿಂಗಳು ವಾಸವಿರಬೇಕೆಂಬ ನಿಯಮವಿಲ್ಲ, ಅರ್ಜಿ ಹಾಕುವ ದಿನ ಅಲ್ಲಿನ ನಿವಾಸಿಯಾಗಿದ್ದರೆ ಸಾಕು. ಆಮೇಲೆ ಕಾಯಬೇಕಾದದ್ದು 90 ದಿನ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿ ಹಾಕುವವರು ರಾಜ್ಯದಲ್ಲಿ ಆರು ತಿಂಗಳು, ಕೌಂಟಿಯಲ್ಲಿ ಮೂರು ತಿಂಗಳು ಇದ್ದಿರಬೇಕು. ಎದುರಿನವರಿಗೆ ಕಾಗದ ತಲುಪಿದ ಮೇಲೂ ಆರು ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ. ದಿನ ಎಣಿಸುವವರಿಗೆ ವಾಷಿಂಗ್ಟನ್ನೇ ಮೇಲು. ನಾವು ಕ್ಯಾಲಿಫೋರ್ನಿಯಾವನ್ನು ಆರಿಸಿಕೊಂಡೆವು.

ಮೊದಲ ಕಾರಣ ಮಗಳು. ಮಗು ಯಾರ ಹತ್ತಿರ ಎಷ್ಟು ದಿನ ಇರಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ, ಸಾಮಾನ್ಯವಾಗಿ, ಮಗು ಹಿಂದಿನ ಆರು ತಿಂಗಳು ಬೆಳೆದ ರಾಜ್ಯದ ಕೋರ್ಟಿನದು. ಈ ನಿಯಮ ಹೆಚ್ಚುಕಡಿಮೆ ದೇಶದ ತುಂಬ ಒಂದೇ. ಅವರು ಸಿಯಾಟಲ್‌ನಲ್ಲಿ ಅರ್ಜಿ ಹಾಕಿದ್ದರೆ ಮದುವೆ ಅಲ್ಲಿ ಮುಗಿಯುತ್ತಿತ್ತು, ಮಗಳ ವಿಷಯ ಇಲ್ಲೇ ಉಳಿಯುತ್ತಿತ್ತು. ಒಂದು ಸಂಸಾರಕ್ಕೆ ಎರಡು ಕೇಸು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಸಹಿ ಹಾಕಿದರೂ ಇಲ್ಲದ ಅಧಿಕಾರ ಆ ಕೋರ್ಟಿಗೆ ಬರುವುದಿಲ್ಲ. ಎಲ್ಲದಕ್ಕೂ ಒಪ್ಪಿಗೆಯಿದೆ, ಎಲ್ಲಿ ಹಾಕಿದರೇನು ಅನ್ನುವ ದಂಪತಿಗಳಿಗೆ ನಾನು ಮೊದಲು ಕೇಳುವುದೇ ಮಗು ಎಲ್ಲಿದೆ ಎಂದು.

ಎರಡನೆಯದು ವೀಸಾ. ನಾನು ಅವರ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿದ್ದೆ. ತೀರ್ಪು ಜಾರಿಗೆ ಬಂದ ದಿನವೇ ಎಚ್-4 ಸ್ಥಾನಮಾನ ಮುಗಿಯುತ್ತದೆ. ಸುತ್ತಲಿನ ಎಷ್ಟೋ ಕನ್ನಡದ ಹೆಣ್ಣುಮಕ್ಕಳಿಗೆ ಇದು ತಿಳಿದಿರುವುದಿಲ್ಲ, ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಗಳು ಹುಟ್ಟುವ ಮೊದಲು ನನಗೇ ಎಚ್-1ಬಿ ಇತ್ತು, ಹಾಗಾಗಿ ಮತ್ತೆ ಲಾಟರಿಗೆ ಹೋಗಬೇಕಿರಲಿಲ್ಲ. ಆದರೂ ಕೆಲಸ ಹುಡುಕಬೇಕು, ಕಂಪನಿ ಅರ್ಜಿ ಹಾಕಬೇಕು, ಮಂಜೂರಾಗಬೇಕು. ಎಲ್ಲರೂ ಬೇಡವೆಂದ ಆ ಆರು ತಿಂಗಳೇ ನನ್ನ ಕೈ ಹಿಡಿಯಿತು.

ಆಸ್ತಿಯ ಮಟ್ಟಿಗೆ ದೊಡ್ಡ ವ್ಯತ್ಯಾಸವಿರಲಿಲ್ಲ. ಮದುವೆಯ ನಂತರ ಗಳಿಸಿದ್ದು ಇಬ್ಬರದೂ ಎಂಬ ತತ್ವ ಎರಡೂ ರಾಜ್ಯಗಳದು. ಒಂದು ಸಂಜೆ ವಿಡಿಯೋ ಕರೆಯಲ್ಲಿ ಇಬ್ಬರೂ ಎಫ್‌ಎಲ್-142 ಎಂಬ ಆಸ್ತಿ-ಸಾಲಗಳ ಪಟ್ಟಿಗೆ ಕೂತೆವು. ಒಡವೆಯ ಸಾಲು ಬಂತು. ಅಮ್ಮ ಕೊಟ್ಟ ಬಳೆ, ಮಾಂಗಲ್ಯದ ಸರ, ಅಜ್ಜಿಯ ಅಡ್ಡಿಕೆ ಎಂದು ಬರೆಯುತ್ತಿದ್ದೆ. "ಅದನ್ನೆಲ್ಲ ಪಾಲಿನ ಲೆಕ್ಕಕ್ಕೆ ಸೇರಿಸ್ಬೇಡ, ಅದು ನಿಂದು" ಅಂದರು. ಪಕ್ಕದ ಅಂಕಣದಲ್ಲಿ ಸ್ವಂತ ಸ್ವತ್ತು ಎಂದು ಗುರುತು ಹಾಕಿ ಮುಂದಿನ ಸಾಲಿಗೆ ಹೋದೆವು. ಮೈಸೂರಿನಲ್ಲಿ ಜಂಟಿ ಹೆಸರಿನಲ್ಲಿದ್ದ ಸೈಟಿನ ಮಾತು ಬೇರೆ. ಅಮೆರಿಕದ ತೀರ್ಪಿನಿಂದ ಅಲ್ಲಿನ ಖಾತೆ ಬದಲಾಗುವುದಿಲ್ಲ. ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಖುಲಾಸೆ ಪತ್ರವೇ ಆಗಬೇಕು. ಅದನ್ನು ಯಾವಾಗ, ಯಾರ ಖರ್ಚಿನಲ್ಲಿ ಮಾಡಿಕೊಡುವುದೆಂದು ಒಪ್ಪಂದದಲ್ಲೇ ಬರೆಸಿದೆವು.

ಇನ್ನು ಊರಿನಲ್ಲಿ ಈ ತೀರ್ಪು ನಡೆಯುತ್ತದೆಯೇ ಎಂಬ ಪ್ರಶ್ನೆ. ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ತೀರ್ಪೇ ಇದಕ್ಕೆ ಆಧಾರ. ಒಬ್ಬರು ಏಕಪಕ್ಷೀಯವಾಗಿ ವಿದೇಶದಲ್ಲಿ ಪಡೆದ ವಿಚ್ಛೇದನವನ್ನು ಆ ಪ್ರಕರಣದಲ್ಲಿ ಒಪ್ಪಲಿಲ್ಲ. ಎದುರಿನವರು ಮನಃಪೂರ್ವಕವಾಗಿ ಆ ಕೋರ್ಟಿಗೆ ಒಳಪಟ್ಟು ಒಪ್ಪಿಗೆ ಕೊಟ್ಟಿದ್ದರೆ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಒಪ್ಪಂದವಿದ್ದರೆ ಎದುರಿನವರು ಉತ್ತರ ಸಲ್ಲಿಸದೆಯೂ ಕೇಸು ಮುಗಿಸಬಹುದು, ಒಂದು ಶುಲ್ಕ ಉಳಿಯುತ್ತದೆ. ಅದು 435 ಡಾಲರಿನ ಆಸುಪಾಸು. ಬೆಂಗಳೂರಿನ ವಕೀಲರು ಮಾತ್ರ ಬೇಡವೆಂದರು: "ಆ ದುಡ್ಡು ಉಳಿಸೋಕೆ ಹೋಗ್ಬೇಡಿ. ಅವರು ಹಾಜರಾಗಿ ಒಪ್ಪಿದ್ದಾರೆ ಅಂತ ಕಡತದಲ್ಲೇ ಇರ್ಲಿ." ಅವರು ಸಿಯಾಟಲ್‌ನಿಂದಲೇ ಸ್ವೀಕೃತಿಗೆ ಸಹಿ ಹಾಕಿದರು, ಉತ್ತರವನ್ನೂ ಸಲ್ಲಿಸಿದರು, ಶುಲ್ಕವನ್ನೂ ಕಟ್ಟಿದರು. ಊರಿನ ನಂಟು ಉಳಿಸಿಕೊಂಡ ಯಾರೇ ಆಗಲಿ ಈ ಖರ್ಚಿಗೆ ಹಿಂಜರಿಯಬಾರದು.

ತೀರ್ಪು ಬಂದ ಮೇಲೆ ಕೋರ್ಟಿನಿಂದ ದೃಢೀಕೃತ ಪ್ರತಿಗಳನ್ನು ಪಡೆದು ರಾಜ್ಯದ ಕಾರ್ಯದರ್ಶಿ ಕಚೇರಿಯಲ್ಲಿ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಬಳಸಲು ಬೇಕಾದ ದೃಢೀಕರಣ, ಮಾಡಿಸಿದೆವು. ಒಂದು ಅವರ ಹತ್ತಿರ, ಒಂದು ನನ್ನ ಹತ್ತಿರ. ಇನ್ನೊಂದನ್ನು ಅಪ್ಪ ಮೈಸೂರಿನಲ್ಲಿ ಸೈಟಿನ ಕಾಗದಗಳ ಜೊತೆ ಇಟ್ಟಿದ್ದಾರೆ. ಖುಲಾಸೆ ಪತ್ರದ ನೋಂದಣಿಗೆ ಹೋಗುವಾಗ ಅದನ್ನೂ ಜೊತೆಗೆ ಒಯ್ಯಲು ವಕೀಲರು ಹೇಳಿದ್ದಾರೆ.